ಬಂದೂಕು ಹೊಸ್ತಿಲಾಚೆಯೇ ಇರಲಿ

ಚುನಾವಣೆ ಘೋಷಣೆಯಾದರೆ ಸಾಕು, ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಸೀಮೆಯ ರೈತರಿಗೆ ಬಂದೂಕು ಹೊತ್ತು ಠಾಣೆಗೆ ಹೋಗುವ ಕೆಲಸ. ಹಳೇ ಪಂಚೆಯಲ್ಲೋ ಗೋಣಿತಾಟಿನಲ್ಲೋ ಸುತ್ತಿದ ಒಂಟಿ ನಳಿಗೆ, ಜೇಬಿನಲ್ಲಿ ಅಂಚು ಹರಿದ ಲೈಸೆನ್ಸ್ ಪುಸ್ತಕ. ಬಂದೂಕು ಒಪ್ಪಿಸಿ, ರಸೀದಿ ಪಡೆದು, ಫಲಿತಾಂಶದ ನಂತರ ಮತ್ತೆ ಬಂದು ಬಿಡಿಸಿಕೊಳ್ಳಬೇಕು. 2023ರ ವಿಧಾನಸಭೆ ಚುನಾವಣೆ ಮುಗಿದು ವರ್ಷ ತುಂಬುವಷ್ಟರಲ್ಲಿ 2024ರ ಲೋಕಸಭೆ ಚುನಾವಣೆ ಬಂತು. ಇವು ಬೆಳೆ ರಕ್ಷಣೆಗೆಂದು ಸರ್ಕಾರವೇ ಪರವಾನಗಿ ಕೊಟ್ಟ ಬಂದೂಕುಗಳು. ಗುಡೇಕೋಟೆ ಕರಡಿಧಾಮದ ಆಸುಪಾಸಿನಲ್ಲಿ ಶೇಂಗಾ, ಮೆಕ್ಕೆಜೋಳ ಬೆಳೆಯುವವರಿಗೆ ರಾತ್ರಿ ಹೊಲ ಕಾಯುವುದೆಂದರೇನು ಎಂದು ಹೇಳಿಕೊಡಬೇಕಿಲ್ಲ. ಕರಡಿ ಸಂರಕ್ಷಿತ ಪ್ರಾಣಿ, ಅದರ ಮೇಲೆ ಗುಂಡು ಹಾರಿಸುವಂತಿಲ್ಲ. ಗಾಳಿಯಲ್ಲಿ ಒಂದು ಸದ್ದು ಮಾಡಿ ಓಡಿಸಬೇಕು, ಅಷ್ಟೇ.

ಹೊಲದ ಅಟ್ಟಣಿಗೆಯಲ್ಲಿರುವ ಈ ಬಂದೂಕಿನ ಮೇಲೆ ಇಷ್ಟು ಎಚ್ಚರ ವಹಿಸುತ್ತೇವೆ. ಪೇಟೆಯಲ್ಲಿ ತಿರುಗುವ ಬಂದೂಕಿನ ಬಗ್ಗೆ ಯಾರೂ ಕೇಳುವುದಿಲ್ಲ.

ನಮ್ಮ ಭಾಗದ ಒಂದು ಬಂಗಾರದ ಅಂಗಡಿಯಲ್ಲಿ ಕಂಡದ್ದು ಇದು. ಮುಖಂಡರೊಬ್ಬರ ಮನೆಯವರು ಮದುವೆ ಜವಳಿ ಮುಗಿಸಿ ಒಡವೆಗೆ ಬಂದಿದ್ದರು. ಜೊತೆಗೆ ಖಾಸಗಿ ಗನ್‌ಮ್ಯಾನ್. ಆತ ಬೆಂಚಿನ ಮೇಲೆ ಕೂತು ಬಂದೂಕನ್ನು ತೊಡೆಗೆ ಅಡ್ಡ ಇಟ್ಟುಕೊಂಡು ಮೊಬೈಲ್ ನೋಡುತ್ತಿದ್ದ. ನಳಿಗೆಯ ತುದಿ ಓಲೆ ಆರಿಸುತ್ತಿದ್ದ ಇನ್ನೊಬ್ಬ ಹೆಣ್ಣುಮಗಳ ಕಡೆಗಿತ್ತು. ಚಹಾ ತಂದ ಹುಡುಗ ಅದನ್ನು ಬಳಸಿಕೊಂಡು ಹೋದ. ಆ ತಾಯಿ ಮಗುವನ್ನು ಎಡ ಮಗ್ಗುಲಿನಿಂದ ಬಲ ಮಗ್ಗುಲಿಗೆ ಎಳೆದುಕೊಂಡಳು. ಮಾಲೀಕರು ಬಾಯಿ ಬಿಡಲಿಲ್ಲ. ದೊಡ್ಡ ಗಿರಾಕಿಗೆ ಹೇಗೆ ಹೇಳುವುದು?

ಹೇಳಬಹುದು, ಹೇಳಲೇಬೇಕು ಎಂಬುದು ನನ್ನ ವಾದ. ಅಂಗಡಿ ಖಾಸಗಿ ಜಾಗ. ಒಳಗೆ ಏನು ತರಬಹುದು, ಏನು ತರಬಾರದು ಎಂದು ತೀರ್ಮಾನಿಸುವ ಅಧಿಕಾರ ಮಾಲೀಕನದು. 1959ರ ಆಯುಧ ಕಾಯ್ದೆಯೂ 2016ರ ನಿಯಮಗಳೂ ಅವನಿಗೆ ಬೆಂಬಲವಾಗಿಯೇ ಇವೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಚೀಲದೊಳಗಿರಬೇಕು, ಉದ್ದ ಬಂದೂಕು ಪೂರ್ತಿ ಮುಚ್ಚಿರಬೇಕು, ಝಳಪಿಸುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಖುಷಿಗೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಶಾಲೆಯ ಆವರಣಕ್ಕೆ ಆಯುಧ ಒಯ್ಯಬಾರದೆಂಬ ಷರತ್ತು ಲೈಸೆನ್ಸಿನಲ್ಲಿ ಹಿಂದಿನಿಂದಲೂ ಇದೆ. ಮೈಲಾರದ ಕಾರಣಿಕಕ್ಕೆ, ಕೊಟ್ಟೂರು ಬಸವೇಶ್ವರನ ತೇರಿಗೆ ಒಯ್ಯಬಾರದ್ದನ್ನು ಅದೇ ಊರಿನ ಕಿರಾಣಿ ಅಂಗಡಿಗೆ, ಖಾನಾವಳಿಗೆ ಯಾಕೆ ಒಯ್ಯಬೇಕು?

ಅಮೆರಿಕದಲ್ಲಿ ಬಂದೂಕು ಹೊರಗೆ ಕಾಣುವಂತೆ ಹಿಡಿದು ಓಡಾಡುವುದು ಹಲವು ರಾಜ್ಯಗಳಲ್ಲಿ ಹಕ್ಕು. ಅಲ್ಲಿಯೂ 2013ರಲ್ಲಿ ಸ್ಟಾರ್‌ಬಕ್ಸ್ ತನ್ನ ಕಾಫಿ ಅಂಗಡಿಗಳಿಗೆ ಬಂದೂಕು ತರಬೇಡಿ ಎಂದು ಗಿರಾಕಿಗಳನ್ನು ಕೇಳಿಕೊಂಡಿತು. 2019ರ ಆಗಸ್ಟ್‌ನಲ್ಲಿ ಟೆಕ್ಸಾಸಿನ ಎಲ್ ಪಾಸೊದ ವಾಲ್‌ಮಾರ್ಟ್ ಮಳಿಗೆಯಲ್ಲಿ ಒಬ್ಬನೇ ವ್ಯಕ್ತಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದ. ಮರು ತಿಂಗಳೇ ಆ ಕಂಪನಿ, ಬಂದೂಕು ಹೊರಗೆ ಕಾಣುವಂತೆ ಒಳಗೆ ಬರಬೇಡಿ ಎಂದು ಗಿರಾಕಿಗಳಿಗೆ ವಿನಂತಿಸಿತು, ಪಿಸ್ತೂಲಿನ ತೋಟಾ ಮಾರುವುದನ್ನೂ ನಿಲ್ಲಿಸಿತು. ಅಷ್ಟು ಹೆಣ ಬೀಳುವವರೆಗೆ ಕಾಯುವ ಗತಿ ನಮಗೆ ಬರಬಾರದು.

ಬಂದೂಕು ಒಳಗೆ ತರಬೇಡಿ ಎಂದು ಬಾಗಿಲಿಗೆ ಬೋರ್ಡು ಹಾಕಿದರೆ, ಅದನ್ನು ನೋಡಿ ದರೋಡೆಕೋರ ವಾಪಸು ಹೋಗುತ್ತಾನೆಯೇ ಎಂದು ವರ್ತಕರು ಕೇಳುತ್ತಾರೆ. ಹೋಗುವುದಿಲ್ಲ. 2025ರ ಜನವರಿಯಲ್ಲಿ ಬೀದರಿನಲ್ಲಿ ಹಾಡಹಗಲೇ ಎಟಿಎಂ ಹಣ ತುಂಬುವವರ ಮೇಲೆ ಗುಂಡು ಹಾರಿಸಿದವರನ್ನು ಯಾವ ಬೋರ್ಡೂ ತಡೆಯುತ್ತಿರಲಿಲ್ಲ. ಅದು ಪೊಲೀಸರ ಕೆಲಸ. ನಾನು ಹೇಳುತ್ತಿರುವುದು ಲೈಸೆನ್ಸ್ ಇರುವವರ, ಮರ್ಯಾದಸ್ಥರ ಬಂದೂಕಿನ ಬಗ್ಗೆ. ಕೈ ಜಾರಿ ಬೀಳುವುದು ಅದೇ. ಬಾರಿನಲ್ಲಿ ಎರಡು ಪೆಗ್ ಇಳಿದ ಮೇಲೆ ಮೇಜಿನ ಮೇಲೆ ಬರುವುದು ಅದೇ. ಬಾಕಿ ಲೆಕ್ಕದ ಮಾತು ಏರಿದಾಗ ಸೊಂಟದ ಕಡೆ ಕೈ ಹೋಗುವುದೂ ಅದಕ್ಕೇ. ಗುಂಡು ಹಾರದಿದ್ದರೂ, ಎದುರಿಗೆ ಬಂದೂಕು ಇದ್ದಾಗ ರೇಟಿನ ಬಗ್ಗೆ ಗಟ್ಟಿಯಾಗಿ ಮಾತಾಡಲು ಬಡ ಗಿರಾಕಿಗೆ ಧೈರ್ಯ ಬಾರದು. ವ್ಯಾಪಾರ ನಡೆಯುವ ಜಾಗದಲ್ಲಿ ಅದು ಸಣ್ಣ ಅನ್ಯಾಯವಲ್ಲ.

ಜವಳಿ ಅಂಗಡಿಯ ಗಾದಿ ಹತ್ತುವ ಮುನ್ನ ಚಪ್ಪಲಿ ಬಿಡಿ ಎಂದರೆ ಯಾವ ಗೌಡರೂ ಸಿಟ್ಟಾಗುವುದಿಲ್ಲ. ಇದೂ ಹಾಗೆಯೇ ರೂಢಿಯಾಗಬೇಕು. ಆದರೆ ಒಬ್ಬ ಅಂಗಡಿಯವ ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದಾನು. ಹಾಗಾಗಿ ಎಲ್ಲರೂ ಒಟ್ಟಾಗಿಯೇ ಹೇಳಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ವರ್ತಕರೇ, ನಿಮ್ಮ ಮುಂದಿನ ಸಭೆಯಲ್ಲಿ ಈ ಒಂದು ಠರಾವು ಮಾಡಿ: ಕರ್ತವ್ಯದಲ್ಲಿರುವ ಪೊಲೀಸರು, ಬ್ಯಾಂಕಿನ ಕಾವಲುಗಾರರ ಹೊರತು ಯಾರ ಬಂದೂಕಿಗೂ ಒಳಗೆ ಪ್ರವೇಶವಿಲ್ಲ. ಬೋರ್ಡು ಮೊದಲು ಬಾರುಗಳಲ್ಲಿ ಬೀಳಲಿ, ಆಮೇಲೆ ಬಂಗಾರದ ಅಂಗಡಿಗಳಲ್ಲಿ.