ಅಡಿಕೆ ಧಾರಣೆ ಬಿದ್ದರೆ ಆಸ್ಪತ್ರೆಗೂ ನಷ್ಟವೇ?

‘ಕಾಯಿಲೆಗೆ ಹಿಂಜರಿತ ಎಲ್ಲಿದೆ? ಆಸ್ಪತ್ರೆಗಳಿಗೆ ಯಾವಾಗಲೂ ಲಾಭವೇ’ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ.

ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯನ್ನೇ ನೋಡೋಣ. ಇದು ಅಡಿಕೆ ಸೀಮೆ. ಧಾರಣೆ ಬಿದ್ದರೆ ಹರ್ನಿಯಾ, ಮಂಡಿ ಆಪರೇಷನ್‌ಗಳು ‘ಮುಂದಿನ ಕೊಯ್ಲಿಗೆ ನೋಡೋಣ’ ಎಂದು ಮುಂದಕ್ಕೆ ಹೋಗುತ್ತವೆ. ಖಾಸಗಿ ಆಸ್ಪತ್ರೆಗಳಿಗೆ ಒಳ್ಳೆಯ ಆದಾಯ ತರುವುದು ಇವೇ. ಹಾಸಿಗೆ ಖಾಲಿಯಿದ್ದರೂ ನರ್ಸ್‌ಗಳ ಸಂಬಳ, ಕರೆಂಟ್ ಬಿಲ್, ಯಂತ್ರಗಳ ಸಾಲದ ಕಂತು ನಿಲ್ಲುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ನಾವು ಕಂಡದ್ದೂ ಇದನ್ನೇ.

ಕೈಯಲ್ಲಿ ಕಾಸಿಲ್ಲದವರು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳತ್ತ ತಿರುಗುತ್ತಾರೆ. ಆದರೆ ಹಿಂಜರಿತದಲ್ಲಿ ಸರ್ಕಾರದ ತೆರಿಗೆ ಆದಾಯವೂ ಇಳಿದಿರುತ್ತದೆ!

ಮುಂದೂಡಿದ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸಿ.