ರೊಟ್ಟಿ ಎಸೆಯುವ ದಯೆ

ಕಳೆದ ತಿಂಗಳು ಅಹಮದಾಬಾದಿನ ನಮ್ಮ ಕನ್ನಡ ಕೂಟದ ಕಾರ್ಯಕ್ರಮ ಮುಗಿದು ಎಲ್ಲರೂ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಿದ್ದಾಗ, ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. “ಕಿವಿ ಕೇಳದ ಬೀದಿನಾಯಿಯನ್ನು ಮನೆಯಲ್ಲಿಟ್ಟುಕೊಂಡಿದ್ದೀರಂತಲ್ಲ ಸಾರ್. ಪಾಪ, ಅದಕ್ಕೂ ಹಿಂಸೆ, ನಿಮಗೂ ಹಿಂಸೆ. ಒಂದು ಇಂಜೆಕ್ಷನ್ ಕೊಡಿಸಿ ಮುಕ್ತಿ ಕಾಣಿಸಬಾರದಿತ್ತೆ?” ಹೀಗೆ ಹೇಳಿದವರು ಕ್ರೂರಿಯಲ್ಲ. ಬೆಳಗಿನ ನಡಿಗೆಗೆ ಹೊರಟಾಗ ಜೇಬಿನಲ್ಲಿ ಬಿಸ್ಕತ್ತಿನ ಪೊಟ್ಟಣವಿಟ್ಟುಕೊಂಡು ಬೀದಿನಾಯಿಗಳಿಗೆ ಹಂಚುವವರು. ಈ ಬರಹ ಅವರ ವಿರುದ್ಧವಲ್ಲ. ಅಷ್ಟು ಸಲೀಸಾಗಿ ಹೊರಬಿದ್ದ ಆ ‘ಪಾಪ’ ಎಂಬ ಮಾತಿನ ವಿರುದ್ಧ.

ನಾಯಿ ಸಿಕ್ಕಿದ್ದು ನಾನು ಸೂರತ್ತಿನಲ್ಲಿದ್ದಾಗ. ವಸತಿಗೃಹಗಳ ಗೇಟಿನ ಬಳಿ ಮೋಟರ್ ಸೈಕಲ್ಲಿಗೆ ಸಿಕ್ಕಿ ಹಿಂಗಾಲು ಮುರಿದುಕೊಂಡು ಬಿದ್ದಿದ್ದ ಅಚ್ಚ ಬಿಳಿಯ ಮರಿ. ಎಷ್ಟು ಹಾರನ್ ಹೊಡೆದರೂ ಸರಿಯಲಿಲ್ಲ, ಮೊಂಡು ನಾಯಿ ಎಂದು ಸವಾರ ಬೈಯುತ್ತಿದ್ದ. ಕಾಲಿಗೆ ಪಟ್ಟಿ ಕಟ್ಟಿದ ಪಶುವೈದ್ಯರು ಅದರ ಬೆನ್ನ ಹಿಂದೆ ಸ್ಟೀಲಿನ ತಟ್ಟೆ ಬಡಿದು ನೋಡಿದರು. ಮರಿ ತಿರುಗಲಿಲ್ಲ. ಮೈಗೆ ಬಣ್ಣ ಕೊಡುವ ಜೀವಕೋಶಗಳೇ ಒಳಗಿವಿಯನ್ನೂ ಕಾಪಾಡುತ್ತವೆ. ಅಚ್ಚ ಬಿಳಿಯ ನಾಯಿಗಳಲ್ಲಿ ಕೆಲವಕ್ಕೆ ಒಳಗಿವಿಯಲ್ಲಿ ಅವು ಇರುವುದಿಲ್ಲವಾಗಿ, ಹುಟ್ಟಿದ ಕೆಲವೇ ವಾರಗಳಲ್ಲಿ ಶ್ರವಣಶಕ್ತಿ ಅಳಿದುಹೋಗುತ್ತದೆ ಎಂದು ವಿವರಿಸಿದರು. ಅಮೆರಿಕದಲ್ಲಿ ಪರೀಕ್ಷಿಸಿದ ಡಾಲ್ಮೇಷಿಯನ್ ನಾಯಿಗಳಲ್ಲಿ ಹತ್ತಕ್ಕೆ ಸುಮಾರು ಮೂರಕ್ಕೆ ಒಂದು ಕಿವಿಯಾದರೂ ಕೇಳುವುದಿಲ್ಲವಂತೆ. ಬೆಲೆ ಕೊಟ್ಟು ತಂದ ನಾಯಿಗಾದರೆ ಅದು ತಳಿಯ ಗುಣ, ಬೀದಿಯ ನಾಯಿಗಾದರೆ ಮೊಂಡುತನ.

ಹೆಸರಿಡುವಾಗ ಮಗಳು ತೇಜಸ್ವಿಯವರ ನಾಯಿಯನ್ನು ನೆನೆದು ‘ಕಿವಿ’ ಎಂದಳು. ಅದು ಕುಚೋದ್ಯವಾದೀತೆಂದು ಬಿಟ್ಟು, ಆತಕೂರು ಶಾಸನದ ‘ಕಾಳಿ’ಯ ಹೆಸರನ್ನು ಈ ಬಿಳಿಯ ಮರಿಗೆ ಇಟ್ಟೆವು. ಹೆಸರು ಬೇಕಾಗಿದ್ದುದು ನಮಗೆ, ಅವಳಿಗಲ್ಲ. (‘ಅದು’ ಎನ್ನಬೇಕೆಂಬ ವ್ಯಾಕರಣವನ್ನು ಇನ್ನು ಮುಂದೆ ಪಾಲಿಸಲಾರೆ, ಕ್ಷಮೆಯಿರಲಿ.)

ಬೀದಿನಾಯಿಗೆ ಸಂತಾನಶಕ್ತಿಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಮರಳಿ ಬಿಡಬೇಕು ಎನ್ನುತ್ತವೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು. ಒಳ್ಳೆಯ ನಿಯಮವೇ. ಆದರೆ ಹಾರನ್ ಕೇಳದ ನಾಯಿಯನ್ನು ಸೂರತ್ತಿನ ರಸ್ತೆಗೆ ಮರಳಿ ಬಿಡುವುದೆಂದರೆ ಮರಣದಂಡನೆಯನ್ನು ಕೆಲವು ದಿನ ಮುಂದೂಡಿದಂತೆ. ಅಂಥ ಪ್ರಾಣಿಗೆ ಉಳಿದಿರುವುದು ಎರಡೇ ದಾರಿ: ಯಾರಾದರೊಬ್ಬರ ಮನೆ, ಇಲ್ಲವೇ ಆ ಹಿರಿಯರು ಹೇಳಿದ ಇಂಜೆಕ್ಷನ್. ನಡುವೆ ನಿಂತು ಬಿಸ್ಕತ್ತು ಎಸೆಯುವವರಿಂದ ಅವಳಿಗೆ ಏನೂ ಪ್ರಯೋಜನವಿಲ್ಲ.

ಈ ಜಗಳ ಅಹಮದಾಬಾದಿಗೆ ಹೊಸದಲ್ಲ. 1926ರಲ್ಲಿ ಇಲ್ಲಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಸುಮಾರು 60 ಬೀದಿನಾಯಿಗಳನ್ನು ಕೊಲ್ಲಿಸಿದರು. ಸಾಬರಮತಿ ಆಶ್ರಮದಲ್ಲಿದ್ದ ಗಾಂಧೀಜಿ, ಬೇರೆ ದಾರಿಯೇನಿತ್ತು ಎಂದುಬಿಟ್ಟರು. ಪಿಂಜರಾಪೋಲ್‌ಗಳ ನಾಡು, ಪೋಳ್‌ಗಳ ನಡುವೆ ಹಕ್ಕಿಗಳಿಗೆಂದು ಚಬೂತರೊ ಕಟ್ಟಿದ ನಗರ. ಕೋಪದ ಪತ್ರಗಳು ಸುರಿದವು. ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಸರಣಿ ಲೇಖನಗಳನ್ನೇ ಬರೆದು ಉತ್ತರಿಸಬೇಕಾಯಿತು. ಕೊಂದದ್ದನ್ನು ಅವರು ಸಮರ್ಥಿಸಿದ ಬಗೆ ನನಗಿಂದೂ ಒಪ್ಪಿಗೆಯಿಲ್ಲ. ಆದರೆ ವಾದದ ಇನ್ನೊಂದು ತುದಿಯಿಂದ ನಾನು ತಪ್ಪಿಸಿಕೊಳ್ಳಲಾರೆ: ಒಡೆಯನಿಲ್ಲದ ನಾಯಿ ಸಮಾಜದ ನಾಚಿಕೆಗೇಡು, ಸಾಕುವ ಹೊಣೆ ಹೊರದೆ ತುತ್ತು ಎಸೆಯುವುದು ದಯೆಯಲ್ಲ, ಅಷ್ಟು ಕರುಣೆಯಿದ್ದರೆ ಮನೆಯೊಳಗೆ ಕರೆದುಕೊಳ್ಳಿ. ಸುಮಾರು ನೂರು ವರ್ಷಗಳ ಬಳಿಕ, 2025ರ ಆಗಸ್ಟ್ 22ರ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಬೀದಿಯಲ್ಲಿ ಕಂಡಕಂಡಲ್ಲಿ ಉಣಿಸುವುದನ್ನು ತಡೆದು, ದತ್ತು ಪಡೆಯಬಯಸುವವರು ನಗರಪಾಲಿಕೆಗೆ ಅರ್ಜಿ ಹಾಕಲಿ, ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳಲಿ ಎಂದಿತು. ಆ ಆದೇಶವನ್ನು ಓದಿ ನಮ್ಮ ಕಾಲೊನಿಯ ಶ್ವಾನಪ್ರೇಮಿಗಳೂ ಶ್ವಾನದ್ವೇಷಿಗಳೂ ತಿಂಗಳುಗಟ್ಟಲೆ ವಾಟ್ಸಾಪಿನಲ್ಲಿ ಹೊಡೆದಾಡಿದರು. ಅರ್ಜಿ ಹಾಕಿದವರು ಮಾತ್ರ ಯಾರೂ ಇಲ್ಲ.

ಕಿವುಡು ನಾಯಿ ಕಚ್ಚುತ್ತದೆ ಎನ್ನುತ್ತಾರೆ. ಗಾಢ ನಿದ್ದೆಯಲ್ಲಿರುವಾಗ ಹಿಂದಿನಿಂದ ಬಂದು ಯಾರಾದರೂ ಮೈಮೇಲೆ ಕೈಹಾಕಿದರೆ ನಾನೂ ಕಚ್ಚಿಯೇನು. ನಾವು ಮೊದಲು ಕಲಿತದ್ದು ಅವಳನ್ನು ಎಬ್ಬಿಸುವ ಬಗೆಯನ್ನು: ಮೂಗಿನ ಮುಂದೆ ಅಂಗೈ ಹಿಡಿದು ವಾಸನೆ ತಾಗಲು ಬಿಡುವುದು, ಬಳಿಕ ಭುಜವನ್ನು ಮೆಲ್ಲಗೆ ಮುಟ್ಟುವುದು, ಕಣ್ಣು ತೆರೆದೊಡನೆ ಒಂದು ತುಣುಕು ಚಪಾತಿ. ದಿನಕ್ಕೆ ಹತ್ತಾರು ಸಲ, ತಿಂಗಳುಗಟ್ಟಲೆ. ಈಗ ಮುಟ್ಟಿದರೆ ಬಾಲ ಮೊದಲು ಎಚ್ಚರಗೊಳ್ಳುತ್ತದೆ. ಹೆಬ್ಬೆರಳೆತ್ತಿದರೆ ಭೇಷ್, ಅಂಗೈ ಕೆಳಮುಖವಾದರೆ ಕೂರು, ಕತ್ತಲಲ್ಲಿ ಟಾರ್ಚು ಎರಡು ಸಲ ಮಿನುಗಿದರೆ ಬಾ. ರಸ್ತೆಯಲ್ಲಿ ಹಗ್ಗ ಬಿಚ್ಚುವ ಪ್ರಶ್ನೆಯೇ ಇಲ್ಲ. ನೆಲವನ್ನು ಕಾಲಿನಿಂದ ತಟ್ಟಿದರೆ ಪಕ್ಕದ ಕೋಣೆಯಲ್ಲಿದ್ದರೂ ತಿರುಗುತ್ತಾಳೆ. ದೀಪಾವಳಿಯಲ್ಲಿ ನೆರೆಮನೆಯ ನಾಯಿಗಳು ಮಂಚದಡಿ ನಡುಗುತ್ತಿದ್ದರೆ ಇವಳು ಅಂಗಾತ ಮಲಗಿರುತ್ತಾಳೆ. ಆದರೆ ವಡೋದರದ ನವರಾತ್ರಿಯಲ್ಲಿ, ಬಯಲಿನಲ್ಲಿ ಗರಬಾ ಶುರುವಾದ ರಾತ್ರಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕಣ್ಣರಳಿಸಿ, ಢೋಲು ನಿಲ್ಲುವವರೆಗೂ ಕದಲದೆ ಮಲಗಿದ್ದಳು. ನನ್ನ ಹೆಂಡತಿ ಟಿ.ವಿ. ಆರಿಸಿ ಅವಳ ಪಕ್ಕದಲ್ಲಿ ಅಂಗೈಯನ್ನು ನೆಲಕ್ಕೂರಿ ಕುಳಿತಳು. ನಿಜ, ನೆಲ ಮಿಡಿಯುತ್ತಿತ್ತು.

ನಮ್ಮಂಥ ವರ್ಗಾವಣೆಯ ನೌಕರರಿಗೆ ಒಂದು ಸಿದ್ಧ ನೆಪವಿದೆ. ಆರ್ಡರ್ ಬಂತು, ಲಾರಿ ಬಂತು, ಫ್ರಿಜ್ಜು ಸೋಫಾ ಹತ್ತಿದವು, ನಾಯಿ ಗೇಟಿನಲ್ಲಿ ಉಳಿಯಿತು. ಪ್ರತಿ ಕಾಲೊನಿಯಲ್ಲಿಯೂ ಇಂಥ ‘ಹಿಂದಿನ ಸಾಹೇಬರ ನಾಯಿ’ ಒಂದಾದರೂ ಇರುತ್ತದೆ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಈಡಾಗುವಂತೆ ತ್ಯಜಿಸುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಡಿ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ! ಸೂರತ್ತಿನಲ್ಲಿ ಒಂದು ತಟ್ಟೆ ಲೋಚೊ ತಿಂದಷ್ಟು ಖರ್ಚು. ಕಾಳಿ ನಮ್ಮೊಡನೆ ಎರಡು ವರ್ಗಾವಣೆ ಕಂಡಿದ್ದಾಳೆ. ರೈಲಿನಲ್ಲಿ ಒಯ್ಯುವುದಾದರೆ ಮೊದಲ ದರ್ಜೆಯ ಇಡೀ ಕೂಪೆ ಕಾಯ್ದಿರಿಸಬೇಕು, ಇಲ್ಲವೇ ಗಾರ್ಡ್ ವ್ಯಾನಿನ ಪೆಟ್ಟಿಗೆಗೆ ಹಾಕಬೇಕು. ಕಣ್ಣೇ ಕಿವಿಯೂ ಆಗಿರುವವಳನ್ನು ಕತ್ತಲ ಪೆಟ್ಟಿಗೆಗೆ ನೂಕಲು ಮನಸ್ಸಾಗದೆ ಎರಡು ಸಲವೂ ಕಾರು ಬಾಡಿಗೆಗೆ ಹಿಡಿದೆವು. ಇದನ್ನು ತ್ಯಾಗವೆಂದು ಹೊಗಳುವವರೂ ‘ಪಾಪ’ ಎನ್ನುವವರ ದಾಯಾದಿಗಳೇ. ಮಗಳ ಶಾಲೆ ಬದಲಿಸಿದ್ದನ್ನು ಯಾರೂ ತ್ಯಾಗವೆನ್ನಲಿಲ್ಲ.

ಹತ್ತನೆಯ ಶತಮಾನದ ನಡುವೆ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಬಹುಮಾನವಾಗಿ ಕೇಳಿದ್ದು ಒಂದು ನಾಯಿಯನ್ನು. ಹಂದಿಯೊಡನೆ ಹೋರಾಡಿ ಆ ಕಾಳಿ ಸತ್ತಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಜ್ಯೋತ್ಸವದ ಭಾಷಣಗಳಲ್ಲಿ ಅದನ್ನು ಹೆಮ್ಮೆಯಿಂದ ಉಲ್ಲೇಖಿಸುವ ನಾವೇ, ಬೇಟೆಗೂ ಕಾವಲಿಗೂ ಬಾರದ ನಾಯಿಯಿಂದ ಏನುಪಯೋಗ ಎಂದೂ ಕೇಳುತ್ತೇವೆ. ಅವಳಿಂದ ಉಪಯೋಗವಿಲ್ಲ. ಯಾವ ಕಳ್ಳನ ಹೆಜ್ಜೆಯೂ ಅವಳಿಗೆ ಕೇಳದು. ನಾನು ಕಚೇರಿಯಿಂದ ಬಂದು ಬೀಗ ತೆಗೆದದ್ದೂ ಕೇಳದು. ಬಾಗಿಲು ತೆರೆದಾಗ ಒಳನುಗ್ಗುವ ಗಾಳಿಗೆ ಮೂಗೆತ್ತಿ, ನಾನೆಂದು ತಿಳಿದು, ಸೊಟ್ಟಗಾಲಿನಲ್ಲಿ ಓಡಿಬರುತ್ತಾಳೆ.

ಆ ಹಿರಿಯರನ್ನು ಮುಂದಿನ ಭಾನುವಾರ ಮನೆಗೆ ಕರೆದಿದ್ದೇನೆ. ಬಿಸ್ಕತ್ತು ತರಬೇಡಿ, ಎದುರಿನಿಂದ ಬನ್ನಿ, ಮೊದಲು ಅಂಗೈ ಮೂಸಲು ಕೊಡಿ ಎಂದಷ್ಟೇ ಹೇಳಿದ್ದೇನೆ.