ಬಿಕ್ಕಳಿಕೆಗೆ ನೂರು ಮಂದಿ ವೈದ್ಯರು

ತಲೆನೋವೆಂದರೆ ಔಷಧದಂಗಡಿಯ ದಾರಿ ತೋರಿಸುವ ನಮ್ಮ ಜನರು, ಬಿಕ್ಕಳಿಕೆ ಎಂದೊಡನೆ ತಾವೇ ಧನ್ವಂತರಿಗಳಾಗಿ ಬಿಡುತ್ತಾರೆ. ಬಹುಕಾಲ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ನಾವು ಇದನ್ನು ಕಣ್ಣಾರೆ ಕಂಡೇ ಬರೆಯುತ್ತಿದ್ದೇವೆ.

ಮಾಟುಂಗದಲ್ಲಿ ನಮ್ಮ ಹೋಟೆಲಿದ್ದಾಗ, ಒಂದು ಶನಿವಾರ ಬೆಳಗ್ಗಿನ ಗಡಿಬಿಡಿಯಲ್ಲಿಯೇ ದೋಸೆ ಹುಯ್ಯುವ ಭಟ್ಟರಿಗೆ ಬಿಕ್ಕಳಿಕೆ ಹತ್ತಿಕೊಂಡಿತು. ಕಾವಲಿಯ ಮೇಲೆ ಹಿಟ್ಟು ಸುತ್ತುವಾಗ ಒಂದು ಬಿಕ್ಕು ಬಂದರೆ ಸಾಕು, ದೋಸೆಯು ಭೂಪಟದ ಆಕಾರ ತಾಳುತ್ತಿತ್ತು. ಲೋಟ ತೊಳೆಯುವ ಹುಡುಗನು ಉಸಿರು ಬಿಡದೆ ಏಳು ಗುಟುಕು ನೀರು ಕುಡಿಯಿರೆಂದನು. ಸಪ್ಲಾಯರನೊಬ್ಬನು ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿದನು. ಹೆದರಿಸಿದರೆ ನಿಲ್ಲುತ್ತದೆಂಬುದು ಕಾಫಿ ಮಾಡುವವನ ಸಿದ್ಧಾಂತ. ಆತನು ಹಿಂದಿನಿಂದ ಬಂದು, "ಭಟ್ರೇ, ನಿಮ್ಮ ಲೆಕ್ಕ ಚುಕ್ತಾ ಮಾಡಬೇಕೆಂದು ಧಣಿಗಳು ಹೇಳಿದ್ದಾರೆ" ಎಂದು ಕೂಗಿದನು. ಭಟ್ಟರು ಹೆದರಲಿಲ್ಲ. "ಮೊದಲು ಹಿಂದಿನ ಬಾಕಿ ಕೊಡಲಿ" ಎಂದು ಬಿಕ್ಕುತ್ತಲೇ ಉತ್ತರಿಸಿದರು. ಗುಮಾಸ್ತ ಗಿರಾಕಿಯೊಬ್ಬರು, ಊರಿನಲ್ಲಿ ಯಾರೋ ನೆನೆಯುತ್ತಿದ್ದಾರೆ, ಹೆಸರು ಹೇಳಿರೆಂದರು. ಭಟ್ಟರು ತಾಯಿ, ಹೆಂಡತಿ, ಅಕ್ಕಂದಿರು, ಕೊನೆಗೆ ಸಾಲ ಕೊಟ್ಟ ಜಿನಸಿ ಅಂಗಡಿಯವರವರೆಗೂ ಹೇಳಿ ಮುಗಿಸಿದರು. ಬಿಕ್ಕಳಿಕೆ ಮಾತ್ರ ಒಪ್ಪಲಿಲ್ಲ.

ಈ ಉಪಚಾರಗಳು ನಮ್ಮವರ ಕಲ್ಪನೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಗ್ರೀಸಿನ ಪ್ಲೇಟೋ ಬರೆದ 'ಸಿಂಪೋಸಿಯಂ' ಸಂವಾದದಲ್ಲಿ ನಾಟಕಕಾರ ಅರಿಸ್ಟೋಫೇನಸನಿಗೆ ಮಾತಿನ ಸರದಿ ಬಂದಾಗಲೇ ಬಿಕ್ಕಳಿಕೆ ಬರುತ್ತದೆ. ಪಕ್ಕದಲ್ಲಿದ್ದ ವೈದ್ಯನು ಉಸಿರು ಕಟ್ಟು, ಬಾಯಿ ಮುಕ್ಕಳಿಸು, ಅದಕ್ಕೂ ಬಗ್ಗದಿದ್ದರೆ ಮೂಗು ಕೆರಳಿಸಿ ಸೀನು ಎನ್ನುತ್ತಾನೆ. ಸೀನಿದ ಮೇಲೆಯೇ ಅದು ನಿಂತಿತಂತೆ. ಸಕ್ಕರೆಯ ಹುಡುಗನೂ ದಡ್ಡನಲ್ಲ: ೧೯೭೧ರಲ್ಲಿ ಅಮೆರಿಕೆಯ ವೈದ್ಯರು ಇಪ್ಪತ್ತು ರೋಗಿಗಳಿಗೆ ಒಣ ಸಕ್ಕರೆ ನುಂಗಿಸಿ, ಹತ್ತೊಂಬತ್ತು ಮಂದಿಗೆ ಗುಣವಾಯಿತೆಂದು ಪ್ರಕಟಿಸಿದರು. ನಮ್ಮ ಆಯುರ್ವೇದವಂತೂ ಹಿಕ್ಕೆಯನ್ನು ಐದು ಬಗೆಯಾಗಿ ವಿಂಗಡಿಸಿದೆ. ಅದರಲ್ಲೊಂದು 'ಅನ್ನಜಾ', ಎಂದರೆ ಗಬಗಬನೆ ಉಂಡದ್ದರಿಂದ ಬರುವುದು. ಗಿರಾಕಿಗಳ ನಡುವೆ ಐದು ನಿಮಿಷದಲ್ಲಿ ನಿಂತು ಉಣ್ಣುವ ಹೋಟೆಲು ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎದೆಗೂ ಹೊಟ್ಟೆಗೂ ನಡುವಣ ವಪೆಯು ತಟ್ಟನೆ ಸೆಳೆದುಕೊಂಡು, ಗಾಳಿ ಒಳನುಗ್ಗುವಷ್ಟರಲ್ಲಿ ಗಂಟಲಿನ ಬಾಗಿಲು ಮುಚ್ಚುವುದರಿಂದ ಆ ಸದ್ದು ಹುಟ್ಟುತ್ತದೆ. ಬಹುಪಾಲು ಬಿಕ್ಕಳಿಕೆಗಳು ತಾವಾಗಿಯೇ ನಿಲ್ಲುತ್ತವೆ. ಕೊನೆಗೆ ಉಪಾಯ ಹೇಳಿದವನಿಗೆ ಕೀರ್ತಿ ಸಲ್ಲುತ್ತದೆ.

ಬಿಕ್ಕಳಿಕೆಯಿಂದ ಯಾರೂ ಸಾಯುವುದಿಲ್ಲ ಎನ್ನುವವರುಂಟು. ಅಮೆರಿಕೆಯ ಚಾರ್ಲ್ಸ್ ಆಸ್ಬಾರ್ನ್ ಎಂಬವನು ೧೯೨೨ರಿಂದ ೧೯೯೦ರವರೆಗೆ ಬಿಕ್ಕುತ್ತಲೇ ಬಾಳಿದನು, ನಿಜ. ನಾವೂ ಹಾಗೆಯೇ ನಂಬಿ ಎರಡು ದಿನ ನಕ್ಕೆವು. ಭಾನುವಾರದ ಗಿರಾಕಿ ತಪ್ಪಬಾರದೆಂದು ಭಟ್ಟರನ್ನು ಕಾವಲಿಯ ಮುಂದೆಯೇ ನಿಲ್ಲಿಸಿಕೊಂಡೆವು. ಅವರಿಗೆ ನಿದ್ರೆಯಿಲ್ಲ, ಊಟ ಇಳಿಯುತ್ತಿಲ್ಲ ಎಂಬುದನ್ನು ಹೇಳಿದವನು ಆ ಲೋಟ ತೊಳೆಯುವ ಹುಡುಗ, ಅದೂ ಸೋಮವಾರ ರಾತ್ರಿ. ಡಾಕ್ಟರರು ರಕ್ತಪರೀಕ್ಷೆ ಮಾಡಿಸಿ, ಮೂತ್ರಪಿಂಡಗಳು ಸೋತಿವೆ, ರಕ್ತದಲ್ಲಿ ಕಲ್ಮಶವೇರಿ ಬಿಕ್ಕಳಿಕೆ ಬಂದಿದೆಯೆಂದರು. ಎಷ್ಟು ದಿನವಾಯಿತೆಂದು ಕೇಳಿದಾಗ ನಾವು "ನಿನ್ನೆಯಿಂದ" ಎಂದು ಸುಳ್ಳಾಡಿದೆವು.

ಆದ್ದರಿಂದ ನಮ್ಮ ಅಭಿಪ್ರಾಯವಿಷ್ಟೇ. ೪೮ ಗಂಟೆಯೊಳಗೆ ಸಕ್ಕರೆ, ಸೀನು, ಹೆದರಿಕೆ, ಏನು ಬೇಕಾದರೂ ನಡೆಯಲಿ, ನಗೆಯೂ ನಡೆಯಲಿ. ಅದು ದಾಟಿತೋ, ಡಾಕ್ಟರರ ಬಳಿಗೆ ಹೋಗಲೇಬೇಕು. ಎದೆನೋವು, ಮಾತಿನ ತೊದಲು, ಕೈಕಾಲಿನ ಸೋಲು ಜೊತೆಗಿದ್ದರೆ ಒಂದು ಗಂಟೆಯೂ ಕಾಯಬಾರದು. ಆ ದಿನದ ಸಂಬಳವನ್ನು ಧಣಿಗಳು ಹಿಡಿಯತಕ್ಕದ್ದಲ್ಲ. ಸಂಬಳ ಹೋಗುವುದೆಂದರೆ ನಮ್ಮ ಹುಡುಗರು ಬಿಕ್ಕನ್ನೂ ನುಂಗಿಕೊಂಡು ತಟ್ಟೆ ಎತ್ತುತ್ತಾರೆ. ಇದನ್ನು ಧಣಿಗಳಾಗಿದ್ದ ನಾವೇ ಹೇಳುತ್ತಿದ್ದೇವೆ.

ಭಟ್ಟರು ಈಗ ಊರಿನಲ್ಲಿದ್ದು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಿಬರುತ್ತಾರೆ. ನಮಗೆ ಬಿಕ್ಕಳಿಕೆ ಬಂದಾಗ ನಾವು ಮೊದಲು ಹೇಳುವ ಹೆಸರು ಅವರದು.